ಹ್ಯಾಂಬರ್ಗಿನ ಮೂರು ಧಾರೆಗಳು

ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಲ್ಲಿ, ಎರಡು ಮೈಲಿ ಉದ್ದದ ನಳಿಕೆಯಲ್ಲಿ ಎಲೆಕ್ಟ್ರಾನುಗಳನ್ನು ಓಡಿಸಿ ಪ್ರೋಟಾನುಗಳಿಗೆ ಅಪ್ಪಳಿಸಿದ ಪ್ರಯೋಗಗಳು 1968ರ ಸುಮಾರಿಗೆ ತಮ್ಮ ಮೊದಲ ಫಲಗಳನ್ನು ಕೊಟ್ಟಾಗ, ಪ್ರೋಟಾನು ಅಖಂಡವಾದ ವಸ್ತುವಲ್ಲವೆಂದೂ, ಅದರ ಒಡಲಿನಲ್ಲಿ ಬಿಂದುಸದೃಶವಾದ ಘಟಕಗಳು ಸಂಚರಿಸುತ್ತಿವೆಯೆಂದೂ ಸ್ಪಷ್ಟವಾಯಿತು. 1964ರಲ್ಲಿ ಮರ್ರೆ ಗೆಲ್‌ಮನ್ ಮತ್ತು ಜಾರ್ಜ್ ಜ್ವೈಗ್ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಊಹಿಸಿದ್ದ ಕ್ವಾರ್ಕುಗಳೇ ಇವು ಎಂದು ಒಪ್ಪುವುದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು. ಆದರೆ ಒಪ್ಪಿದ ಮೇಲೂ, ಸ್ಟ್ಯಾನ್‌ಫರ್ಡಿನ ಫಲಿತಾಂಶಗಳನ್ನು ಜಿನೀವದ ಗಾರ್ಗಮೆಲ್ ಎಂಬ ಬೃಹತ್ ಬಬಲ್ ಚೇಂಬರಿನ ನ್ಯೂಟ್ರಿನೊ ಫಲಿತಾಂಶಗಳೊಡನೆ ತಾಳೆನೋಡಿದವರಿಗೆ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆ ಕಂಡಿತು: ವೇಗವಾಗಿ ಸಾಗುವ ಪ್ರೋಟಾನಿನ ಒಟ್ಟು ಸಂವೇಗದಲ್ಲಿ ಕ್ವಾರ್ಕುಗಳು ಹೊತ್ತಿರುವ ಪಾಲು ಹೆಚ್ಚುಕಡಮೆ ಅರ್ಧ ಮಾತ್ರವೇ ಆಗಿದ್ದಿತು. ಉಳಿದ ಅರ್ಧವನ್ನು ಹೊತ್ತಿದ್ದುದು ವಿದ್ಯುದಾವೇಶವಿಲ್ಲದ, ಎಲೆಕ್ಟ್ರಾನಿನ ಕೈಗಾಗಲಿ ನ್ಯೂಟ್ರಿನೊವಿನ ಕೈಗಾಗಲಿ ಸಿಕ್ಕದ, ಬೇರೊಂದು ವಸ್ತು.

ಆ ವಸ್ತು ಏನಾಗಿರಬಹುದೆಂಬುದನ್ನು ಸಿದ್ಧಾಂತಿಗಳು ಬಹುಬೇಗ ಹೇಳಿದರು. ಪ್ರತಿಯೊಂದು ಕ್ವಾರ್ಕಿಗೂ ವರ್ಣವೆಂದು ಹೆಸರಿಟ್ಟ, ಕಣ್ಣಿಗೆ ಕಾಣುವ ಬಣ್ಣಕ್ಕೂ ತನಗೂ ಯಾವ ಸಂಬಂಧವೂ ಇಲ್ಲದ, ಮೂರು ಬಗೆಯ ಒಂದು ಆವೇಶವುಂಟು. ಎರಡು ವಿದ್ಯುದಾವೇಶಗಳ ನಡುವೆ ಫೋಟಾನು ಬಲವಾಹಕವಾಗಿ ನಿಲ್ಲುವಂತೆ ವರ್ಣಗಳ ನಡುವೆ ಎಂಟು ಬಗೆಯ ಗ್ಲೂಆನುಗಳು ನಿಲ್ಲುತ್ತವೆ. ಆದರೆ ಫೋಟಾನಿಗೆ ಸ್ವಂತ ಆವೇಶವಿಲ್ಲ, ಗ್ಲೂಆನಿಗೆ ಸ್ವಂತ ವರ್ಣವುಂಟು. ಈ ಒಂದೇ ವ್ಯತ್ಯಾಸದಿಂದ ಹುಟ್ಟುವ ಪರಿಣಾಮವನ್ನು 1973ರಲ್ಲಿ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಮತ್ತು ಡೇವಿಡ್ ಪೊಲಿಟ್ಜರ್ ಗಣಿತದಿಂದ ಸಾಧಿಸಿ ತೋರಿಸಿದರು: ಕ್ವಾರ್ಕುಗಳು ಸಮೀಪವಾದಷ್ಟೂ ಅವುಗಳ ನಡುವಣ ಬಲ ಕುಗ್ಗುತ್ತದೆ. ದೂರವಾದಂತೆ ಬಲ ಹಿಗ್ಗುವುದರಿಂದ, ಕ್ವಾರ್ಕಾಗಲಿ ಗ್ಲೂಆನಾಗಲಿ ಒಂಟಿಯಾಗಿ ಎಂದೂ ಹೊರಗೆ ಬಾರದು.

ಒಂಟಿಯಾಗಿ ಎಂದೂ ಹೊರಬಾರದ ಕಣವನ್ನು ಉಂಟೆಂದು ಸಾಧಿಸುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರ 1974ರಿಂದ 1979ರ ವರೆಗಿನ ಐದು ವರ್ಷಗಳಲ್ಲಿ ಎರಡು ದಾರಿಗಳಿಂದ ಬಂದಿತು. ಒಂದು, ಭಾರವಾದ ಕಣವೊಂದು ನಶಿಸುವಾಗ ತಾನು ಗ್ಲೂಆನುಗಳಾಗಿಯೇ ಒಡೆಯುವ ದಾರಿ. ಇನ್ನೊಂದು, ಅಧಿಕ ಶಕ್ತಿಯಿಂದ ಚಿಮ್ಮುವ ಕ್ವಾರ್ಕು ಮಾರ್ಗಮಧ್ಯದಲ್ಲಿ ಗ್ಲೂಆನೊಂದನ್ನು ಸೂಸುವ ದಾರಿ. ಚರಿತ್ರೆ ಎರಡನೆಯದನ್ನೇ ನೆನೆಯುತ್ತದೆ. ಮೊದಲನೆಯದಕ್ಕೆ ಸಲ್ಲಬೇಕಾದ ಗೌರವ ಪೂರ್ಣವಾಗಿ ಸಂದಿಲ್ಲವೆಂಬುದು ನನ್ನ ಅಭಿಪ್ರಾಯವಾದುದರಿಂದ ಅದನ್ನೇ ವಿಸ್ತಾರವಾಗಿ ಹೇಳುತ್ತೇನೆ.

ಮೊದಲ ಭಾರವಾದ ಕಣ ದೊರೆತದ್ದು 1974ರ ನವೆಂಬರಿನಲ್ಲಿ. ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ನಿನಲ್ಲಿ ಸ್ಯಾಮ್ಯುಯಲ್ ಟಿಂಗ್ ಅವರ ತಂಡ ಬೆರಿಲಿಯಮ್ ಲೋಹದ ಮೇಲೆ ಪ್ರೋಟಾನುಗಳನ್ನು ಹೊಡೆದು, ಅಲ್ಲಿಂದ ಸಿಡಿಯುವ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳನ್ನು ಆರಿಸಿ ಎಣಿಸುತ್ತಿದ್ದಿತು. ಸ್ಟ್ಯಾನ್‌ಫರ್ಡಿನಲ್ಲಿ ಬರ್ಟನ್ ರಿಕ್ಟರ್ ಅವರ ತಂಡ, ಹಿಂದೆ ಕಾರುಗಳನ್ನು ನಿಲ್ಲಿಸುತ್ತಿದ್ದ ಬಯಲಿನಲ್ಲಿ ಕಟ್ಟಿದ ಸ್ಪಿಯರ್ ಎಂಬ ವರ್ತುಲದಲ್ಲಿ, ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ಎದುರುಬದುರಾಗಿ ಓಡಿಸಿ ಢಿಕ್ಕಿ ಹೊಡೆಸುತ್ತಿದ್ದಿತು. ಕಣಗಳ ಶಕ್ತಿಯನ್ನೂ ದ್ರವ್ಯರಾಶಿಯನ್ನೂ ಅಳೆಯುವುದು ಗಿಗಾ ಎಲೆಕ್ಟ್ರಾನ್ ವೋಲ್ಟ್ ಎಂಬ, ಸಂಕ್ಷೇಪವಾಗಿ ಜಿಇವಿ ಎಂದು ಕರೆಯುವ ಮಾನದಿಂದ. ಈ ಮಾನದಲ್ಲಿ ಪ್ರೋಟಾನಿನ ದ್ರವ್ಯರಾಶಿ 0.94. ಸ್ಪಿಯರಿನವರು ಮೊದಮೊದಲು 0.2 ಜಿಇವಿಯ ಹೆಜ್ಜೆಗಳಲ್ಲಿ ಶಕ್ತಿಯನ್ನು ಏರಿಸುತ್ತ ಹೋಗಿದ್ದರು. ಇಷ್ಟು ದೊಡ್ಡ ಹೆಜ್ಜೆಗಳ ನಡುವೆ ಒಂದು ಕಡಿದಾದ ಶಿಖರ ಅಡಗಿದ್ದುದು ಅವರಿಗೆ ತಿಳಿದಿರಲಿಲ್ಲ. 3.1 ಜಿಇವಿಯ ಹತ್ತಿರದ ಹಳೆಯ ಅಂಕಗಳಲ್ಲಿ ಏನೋ ಹೊಂದದೆ ಇದ್ದುದನ್ನು ಗಮನಿಸಿ, ನವೆಂಬರ್ 9 ಮತ್ತು 10ರ ಶನಿವಾರ ಭಾನುವಾರಗಳಲ್ಲಿ ಅದೇ ಎಡೆಯನ್ನು ಕಿರುಹೆಜ್ಜೆಗಳಿಂದ ಮತ್ತೆ ಶೋಧಿಸಿದಾಗ, ಶಕ್ತಿಯನ್ನು ಸಾವಿರದಲ್ಲಿ ಕೆಲವೇ ಪಾಲಿನಷ್ಟು ಬದಲಿಸಿದ ಮಾತ್ರಕ್ಕೆ ಘಟನೆಗಳ ಪ್ರಮಾಣ ನೂರರಷ್ಟು ಏರಿತು. ಟಿಂಗ್ ಅವರು ಅದೇ ಎಡೆಯಲ್ಲಿ ತಮ್ಮ ಶಿಖರವನ್ನು ಕೆಲವು ವಾರಗಳ ಹಿಂದೆಯೇ ಕಂಡು, ಯಂತ್ರದ ಭ್ರಮೆಯಾಗಿರಬಾರದೆಂದು ಪರೀಕ್ಷೆಯ ಮೇಲೆ ಪರೀಕ್ಷೆ ನಡೆಸುತ್ತಿದ್ದವರು, ಬೇರೊಂದು ಸಮಿತಿಯ ಸಭೆಗಾಗಿ ಸ್ಟ್ಯಾನ್‌ಫರ್ಡಿಗೆ ಬಂದಿದ್ದರು. 11ರ ಬೆಳಿಗ್ಗೆ ಇಬ್ಬರೂ ಭೇಟಿಯಾದಾಗ, ಒಂದೇ ಕಣವನ್ನು ಅಮೆರಿಕದ ಎರಡು ಕರಾವಳಿಗಳಲ್ಲಿ ಇಬ್ಬರೂ ಕಂಡಿದ್ದಾರೆಂಬುದು ತಿಳಿಯಿತು. ರೋಮಿನ ಬಳಿಯ ಫ್ರಸ್ಕಾಟಿಯವರು ತಮ್ಮ ವರ್ತುಲವನ್ನು ಅದರ ನಿಗದಿಯಾದ 3 ಜಿಇವಿಯ ಮಿತಿಯನ್ನು ಮೀರಿಸಿ ನಡೆಸಿ ಕೆಲವೇ ದಿನಗಳಲ್ಲಿ ಅದನ್ನು ದೃಢಪಡಿಸಿದರು. ಒಂದೆಡೆ ಜೆ ಎಂದೂ ಇನ್ನೊಂದೆಡೆ ಸೈ ಎಂದೂ ಹೆಸರು ಬಿದ್ದ ಆ ಕಣ ಇಂದಿಗೂ ಜೆ-ಸೈ ಎಂಬ ಜೋಡಿ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಭೌತವಿಜ್ಞಾನಿಗಳನ್ನು ಬೆರಗುಗೊಳಿಸಿದ್ದು ಆ ಕಣದ ಭಾರಕ್ಕಿಂತ ಅದರ ಆಯುಸ್ಸು. ಅಷ್ಟು ಭಾರವಾದ, ಪ್ರಬಲ ಬಲಕ್ಕೆ ಒಳಪಟ್ಟ ಕಣವು ಹುಟ್ಟಿದೊಡನೆಯೇ ಹಗುರವಾದ ಕಣಗಳಾಗಿ ಒಡೆಯಬೇಕು. ಜೆ-ಸೈ ಅಂತಹ ಕಣಗಳಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಕಾಲ ಬಾಳಿತು. ಈ ದೀರ್ಘಾಯುಸ್ಸಿನ ಕಾರಣವನ್ನು ಥಾಮಸ್ ಆಪಲ್‌ಕ್ವಿಸ್ಟ್ ಮತ್ತು ಪೊಲಿಟ್ಜರ್ ವಿವರಿಸಿದರು. ಜೆ-ಸೈ ಎಂಬುದು ಚಾರ್ಮ್ ಎಂಬ ಭಾರವಾದ ಕ್ವಾರ್ಕೂ ಅದರ ಪ್ರತಿಕಣವೂ ಪರಸ್ಪರ ಸುತ್ತುತ್ತಿರುವ ಒಂದು ಜೋಡಿ. ಚಾರ್ಮನ್ನು ಹೊತ್ತ ಎರಡು ಕಣಗಳಾಗಿ ಅದು ಒಡೆಯಬೇಕಾದರೆ ಕನಿಷ್ಠ 3.73 ಜಿಇವಿ ಬೇಕು, ಇರುವುದು 3.1. ಸುಲಭವಾದ ಹೆಬ್ಬಾಗಿಲು ಹೀಗೆ ಮುಚ್ಚಿರುವುದರಿಂದ ಆ ಕ್ವಾರ್ಕು ಪ್ರತಿಕ್ವಾರ್ಕುಗಳು ಒಂದನ್ನೊಂದು ಅಳಿಸಿಕೊಂಡು ಗ್ಲೂಆನುಗಳಾಗಿ ಮಾರ್ಪಡುವುದೊಂದೇ ಮುಖ್ಯ ಮಾರ್ಗ. ಒಂದೇ ಗ್ಲೂಆನಾಗುವಂತಿಲ್ಲ, ಏಕೆಂದರೆ ಜೋಡಿಗೆ ಒಟ್ಟಿನಲ್ಲಿ ವರ್ಣವಿಲ್ಲ, ಒಂಟಿ ಗ್ಲೂಆನಿಗೆ ವರ್ಣವುಂಟು. ಎರಡಾಗುವಂತಿಲ್ಲ, ಕಣ ಪ್ರತಿಕಣಗಳ ಅದಲುಬದಲಿಗೆ ಸಂಬಂಧಿಸಿದ ಸಮಮಿತಿಯ ನಿಯಮ ಅದನ್ನು ನಿಷೇಧಿಸುತ್ತದೆ. ಕನಿಷ್ಠವೆಂದರೆ ಮೂರು ಬೇಕು. ಮೂರು ಗ್ಲೂಆನುಗಳನ್ನು ಹೊರಚೆಲ್ಲಲು ಪ್ರಬಲ ಬಲ ಮೂರು ಬಾರಿ ಕೆಲಸಮಾಡಬೇಕು, ಮತ್ತು ಅಷ್ಟು ಅಲ್ಪ ದೂರದಲ್ಲಿ ಆ ಬಲ ಕುಗ್ಗಿರುತ್ತದೆಯಾದುದರಿಂದ, ಸಾವು ತಡವಾಗುತ್ತದೆ.

ಈ ತರ್ಕ ಹೊಸದಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಎಲೆಕ್ಟ್ರಾನು ಪಾಸಿಟ್ರಾನುಗಳ ಜೋಡಿಯಾದ ಪಾಸಿಟ್ರೋನಿಯಮ್ ತನ್ನ ಒಂದು ಸ್ಥಿತಿಯಲ್ಲಿ ಎರಡು ಫೋಟಾನುಗಳಾಗಲಾರದೆ ಮೂರಾಗಿಯೇ ನಶಿಸಬೇಕೆಂದು ಓರ್ ಮತ್ತು ಪವೆಲ್ 1949ರಲ್ಲಿಯೇ ಲೆಕ್ಕ ಹಾಕಿದ್ದರು. ಮಾರ್ಟಿನ್ ಡಾಯ್ಚ್ 1951ರಲ್ಲಿ ಆ ಜೋಡಿಯನ್ನು ಪ್ರಯೋಗದಲ್ಲಿ ಕಂಡಿದ್ದರು. ಬೆಳಕಿನ ಕಣಗಳಿಗಾಗಿ ಬರೆದ ಸೂತ್ರವು ಇಪ್ಪತ್ತೈದು ವರ್ಷಗಳ ತರುವಾಯ, ಯಾರೂ ಕಾಣದ ಗ್ಲೂಆನಿಗೆ ಅಲ್ಪಸ್ವಲ್ಪ ತಿದ್ದುಪಡಿಯೊಡನೆ ಅನ್ವಯಿಸಿತೆಂಬುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾದ ಸಂಗತಿಯಾಗಿ ತೋರುತ್ತದೆ.

ಆದರೆ ತರ್ಕ ಸರಿಯಾಗಿದ್ದರೂ ಸಾಕ್ಷ್ಯ ದೊರೆಯಲಿಲ್ಲ. ಏಕೆ ದೊರೆಯಲಿಲ್ಲವೆಂಬುದನ್ನು ತಿಳಿಯಲು, ಚಿಮ್ಮಿದ ಕ್ವಾರ್ಕಿನ ಗತಿ ಏನಾಗುತ್ತದೆಂಬುದನ್ನು ನೋಡಬೇಕು. ಕ್ವಾರ್ಕೂ ಪ್ರತಿಕ್ವಾರ್ಕೂ ದೂರ ಸರಿದಂತೆ ಅವುಗಳ ನಡುವೆ ವರ್ಣಬಲದ ಒಂದು ಎಳೆ ಬಿಗಿಯಾಗುತ್ತ ಹೋಗಿ ಕೊನೆಗೆ ಹರಿಯುತ್ತದೆ. ಹಗ್ಗ ಹರಿದಾಗ ತುಂಡು ತುಂಡಿಗೂ ಮತ್ತೆ ಎರಡೆರಡು ತುದಿಗಳೇ ಇರುವಂತೆ, ಹರಿದ ಎಡೆಯಲ್ಲಿ ಹೊಸದೊಂದು ಕ್ವಾರ್ಕು ಪ್ರತಿಕ್ವಾರ್ಕುಗಳ ಜೋಡಿ ಹುಟ್ಟಿಕೊಳ್ಳುತ್ತದೆ. ಹೀಗೆ ಹರಿದು ಹರಿದು, ಮೊದಲಿನ ಕ್ವಾರ್ಕು ಹೊರಟ ದಿಕ್ಕಿನಲ್ಲಿಯೇ ಹತ್ತಾರು ಸಾಮಾನ್ಯ ಕಣಗಳ ಒಂದು ಧಾರೆ ಹೊರಡುತ್ತದೆ. ಪ್ರಯೋಗಕಾರರು ಇದನ್ನು ಜೆಟ್ ಎನ್ನುತ್ತಾರೆ. ಮೂಲ ಕಣದ ಶಕ್ತಿ ಕಡಮೆಯಾಗಿದ್ದರೆ ಧಾರೆ ಚದರಿಹೋಗಿ ದಿಕ್ಕು ತಿಳಿಯದು. ಕ್ವಾರ್ಕುಗಳ ಧಾರೆಗಳಿಗೆ ಮೊದಲ ಸಾಕ್ಷ್ಯವನ್ನು 1975ರಲ್ಲಿ ಸ್ಪಿಯರಿನ ಘಟನೆಗಳಿಂದ ಗೇಲ್ ಹ್ಯಾನ್ಸನ್ ಮತ್ತು ಅವರ ಸಂಗಡಿಗರು ಹೊರತೆಗೆದಾಗ ಒಂದೊಂದು ಕ್ವಾರ್ಕಿನ ಶಕ್ತಿ 3 ಜಿಇವಿಯನ್ನು ಮೀರಿದ್ದಿತು. ಜೆ-ಸೈ ನಶಿಸುವಾಗ ಒಂದೊಂದು ಗ್ಲೂಆನಿನ ಪಾಲಿಗೆ ಬರುವುದು ಸರಾಸರಿ 1 ಜಿಇವಿ. ಆ ಕಣ ಮೂರು ಗ್ಲೂಆನುಗಳಾಗಿ ಸಾಯುತ್ತಿದ್ದುದು ನಿಜ. ಆದರೆ ಆ ಸಾವಿನ ಗುರುತು ಓದಲು ಬರುವಂತಿರಲಿಲ್ಲ. ಇನ್ನೂ ಭಾರವಾದ ಕಣವೊಂದು ಬೇಕಾಗಿದ್ದಿತು.

ಅದು 1977ರ ಬೇಸಿಗೆಯಲ್ಲಿ ಷಿಕಾಗೊ ಬಳಿಯ ಫರ್ಮಿ ಪ್ರಯೋಗಾಲಯದಲ್ಲಿ ಸಿಕ್ಕಿತು. ಲಿಯಾನ್ ಲೆಡರ್‌ಮನ್ ಅವರ ತಂಡ 400 ಜಿಇವಿಯ ಪ್ರೋಟಾನುಗಳನ್ನು ಲೋಹದ ಗುರಿಗೆ ಹೊಡೆದು, ಹೊರಬಂದ ಮ್ಯುಆನುಗಳ ಜೋಡಿಗಳನ್ನು ಅಳೆದಾಗ, 9.5 ಜಿಇವಿಯ ಬಳಿ ಹೊಸದೊಂದು ಶಿಖರ ಎದ್ದಿತು. ಹಿಂದಿನ ವರ್ಷ ಇದೇ ತಂಡ 6 ಜಿಇವಿಯಲ್ಲಿ ಕಂಡೆವೆಂದು ಸಾರಿದ್ದ ಕಣ ಹೆಚ್ಚಿನ ಅಂಕಗಳ ಮುಂದೆ ಕರಗಿಹೋಗಿದ್ದಿತು; ಆದರೂ ಎದೆಗುಂದದೆ ಅವರು ಮತ್ತೆ ಹುಡುಕಿದ್ದು ಪ್ರಶಂಸೆಗೆ ತಕ್ಕುದು. ಈ ಬಾರಿಯ ಕಣ ಉಳಿಯಿತು. ಬಾಟಮ್ ಎಂಬ ಐದನೆಯ ಕ್ವಾರ್ಕೂ ಅದರ ಪ್ರತಿಕಣವೂ ಕೂಡಿದ ಜೋಡಿ ಅದು, ಹೆಸರು ಅಪ್ಸಿಲಾನ್. ಬಾಟಮನ್ನು ಹೊತ್ತ ಎರಡು ಕಣಗಳಿಗೆ 10.5ಕ್ಕಿಂತ ಹೆಚ್ಚು ಜಿಇವಿ ಬೇಕಾದುದರಿಂದ ಅಪ್ಸಿಲಾನಿಗೂ ಹೆಬ್ಬಾಗಿಲು ಮುಚ್ಚಿಯೇ ಇದ್ದಿತು. ಅದೂ ಪ್ರಧಾನವಾಗಿ ಮೂರು ಗ್ಲೂಆನುಗಳಾಗಿಯೇ ಅಳಿಯಬೇಕು, ಮತ್ತು ಒಂದೊಂದರ ಪಾಲಿಗೆ ಸರಾಸರಿ 3 ಜಿಇವಿಗೂ ಮಿಗಿಲಾದ ಶಕ್ತಿ ಬರಬೇಕು. ಹ್ಯಾನ್ಸನ್ ಅವರ ಕ್ವಾರ್ಕುಗಳು ಕಂಡ ಹೊಸ್ತಿಲು ಅದೇ.

ಫರ್ಮಿ ಪ್ರಯೋಗಾಲಯದ ರೀತಿಯಲ್ಲಿ ಅಪ್ಸಿಲಾನಿನ ಸಾವನ್ನು ಅಭ್ಯಸಿಸುವುದು ಸಾಧ್ಯವಿರಲಿಲ್ಲ; ಅದನ್ನು ಶುದ್ಧವಾಗಿ ಹುಟ್ಟಿಸಬೇಕಾದರೆ ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ತಲಾ 4.73 ಜಿಇವಿಯಿಂದ ಢಿಕ್ಕಿ ಹೊಡೆಸಬೇಕು. ಜರ್ಮನಿಯ ಹ್ಯಾಂಬರ್ಗ್ ನಗರದ ಡೆಸಿ ಪ್ರಯೋಗಾಲಯದಲ್ಲಿದ್ದ ಡೋರಿಸ್ ಎಂಬ ಯಂತ್ರ ಇಷ್ಟು ಶಕ್ತಿಗಾಗಿ ಕಟ್ಟಿದುದಲ್ಲ. ಎರಡು ವರ್ತುಲಗಳ ಆ ಯಂತ್ರವನ್ನು ಒಂದೇ ವರ್ತುಲವಾಗಿ ಬಳಸುವಂತೆ ಮಾರ್ಪಡಿಸಿ, ಆಗ ಪಕ್ಕದಲ್ಲಿಯೇ ಏಳುತ್ತಿದ್ದ ಪೆಟ್ರಾ ಎಂಬ ದೊಡ್ಡ ಯಂತ್ರಕ್ಕಾಗಿ ಸಿದ್ಧವಾಗಿದ್ದ, ಕಣಗಳಿಗೆ ಶಕ್ತಿ ತುಂಬುವ ವೇಗವರ್ಧಕ ಕುಹರಗಳನ್ನು ತಂದು ಇದಕ್ಕೆ ಜೋಡಿಸಿ, ಎಂಜಿನಿಯರುಗಳು ಅದನ್ನು ಅಪ್ಸಿಲಾನಿನ ಎತ್ತರಕ್ಕೆ ಏರಿಸಿದರು. 1978ರ ವಸಂತದಲ್ಲಿ ಪ್ಲೂಟೊ ಮತ್ತು ಡಾಸ್ಪ್ ಎಂಬ ಎರಡು ಶೋಧಕಗಳು 9.46 ಜಿಇವಿಯಲ್ಲಿ ಶಿಖರವನ್ನು ಕಂಡವು. ಬಾಟಮ್ ಕ್ವಾರ್ಕಿನ ವಿದ್ಯುದಾವೇಶ ಎಲೆಕ್ಟ್ರಾನಿನದರ ಮೂರರಲ್ಲೊಂದು ಪಾಲೆಂಬುದು ಆ ಶಿಖರದ ಗಾತ್ರದಿಂದಲೇ ತಿಳಿದುಬಂದಿತು.

ಪ್ಲೂಟೊ ತಂಡದವರ ಮುಂದಿನ ಕೆಲಸವೇ ಈ ಲೇಖನದ ಹೃದಯ. ಪ್ಲೂಟೊ ಎಂಬುದು ಅತಿವಾಹಕ ತಂತಿಯ ಸುರುಳಿಯಿಂದ ಪ್ರಬಲವಾದ ಕಾಂತಕ್ಷೇತ್ರವನ್ನು ಹುಟ್ಟಿಸಿ, ಅದರೊಳಗೆ ಆವೇಶವುಳ್ಳ ಕಣಗಳ ಜಾಡು ಬಾಗುವುದನ್ನು ಅಳೆದು ಅವುಗಳ ಸಂವೇಗವನ್ನು ತಿಳಿಸುವ ಶೋಧಕ. ಅವರು ಯಂತ್ರವನ್ನು ಮೊದಲು ಶಿಖರದ ಪಕ್ಕದಲ್ಲಿ, ಅಂದರೆ ಅಪ್ಸಿಲಾನು ಹುಟ್ಟದ ಶಕ್ತಿಯಲ್ಲಿ ಓಡಿಸಿದರು. ಘಟನೆಗಳು ಒಂದು ಅಕ್ಷದ ಉದ್ದಕ್ಕೆ ಎರಡು ಧಾರೆಗಳಾಗಿ ನೀಳವಾಗಿದ್ದವು. ಬಳಿಕ ಶಿಖರದ ನೆತ್ತಿಗೆ ಸರಿದರು. ಘಟನೆಗಳ ಆಕಾರವೇ ಬದಲಾಯಿತು, ಕಣಗಳು ಹೆಚ್ಚು ದುಂಡಗೆ ಹರಡಿದವು. ದುಂಡಾದ ಮಾತ್ರಕ್ಕೆ ಅವು ಗ್ಲೂಆನಿನ ಕುರುಹಾಗಲಾರವು, ಏಕೆಂದರೆ ಯಾವ ಕ್ರಮವೂ ಇಲ್ಲದೆ ಚದರಿದ ಕಣಗಳೂ ದುಂಡಾಗಿಯೇ ಕಾಣುತ್ತವೆ. ಆದುದರಿಂದ ಅವರು ಘಟನೆಯ ಕಣಗಳನ್ನು ಮೂರು ಗುಂಪಾಗಿ ವಿಂಗಡಿಸುವ, ಬ್ರಾಂಟ್ ಮತ್ತು ಡಾಮೆನ್ ರೂಪಿಸಿದ ಗಣನವಿಧಾನವೊಂದನ್ನು ಬಳಸಿ, ಮೂರು ಸಾಧ್ಯತೆಗಳನ್ನು ಎದುರೆದುರಿಗೆ ನಿಲ್ಲಿಸಿದರು: ಎರಡು ಕ್ವಾರ್ಕುಗಳ ಧಾರೆ, ಕ್ರಮವಿಲ್ಲದ ಹರಡುವಿಕೆ, ಮೂರು ಗ್ಲೂಆನುಗಳ ಸಾವು. ಮೊದಲೆರಡೂ ಅಂಕಗಳಿಗೆ ಹೊಂದಲಿಲ್ಲ, ಮೂರನೆಯದು ಹೊಂದಿತು. ಕೋಲರ್ ಮತ್ತು ವಾಲ್ಷ್ ಮುಂತಾದ ಸಿದ್ಧಾಂತಿಗಳು ಅಪ್ಸಿಲಾನು ಹೇಗೆ ಸಾಯಬೇಕೆಂದು ಮೊದಲೇ ಬರೆದಿಟ್ಟಿದ್ದರೋ ಹಾಗೆಯೇ ಅದು ಸಾಯುತ್ತಿದ್ದಿತು. ಈ ಫಲಿತಾಂಶ 1979ರಲ್ಲಿ, ಪೆಟ್ರಾದ ಪ್ರಸಿದ್ಧ ಚಿತ್ರಗಳು ಹೊರಬೀಳುವುದಕ್ಕೆ ಮೊದಲೇ, ಅಚ್ಚಾಯಿತು. ಆದರೆ ಇಲ್ಲಿ ಒಂದೇ ಒಂದು ಘಟನೆಯನ್ನು ಎತ್ತಿ ಹಿಡಿದು, ಇಗೋ ಇದು ಗ್ಲೂಆನು ಎಂದು ತೋರಿಸುವಂತಿರಲಿಲ್ಲ. ನೂರಾರು ಘಟನೆಗಳ ಒಟ್ಟು ಸಾಕ್ಷ್ಯದಿಂದ ಬರುವ ನಿರ್ಣಯ ಅದು. ವಿಜ್ಞಾನಿಗಳೂ ಮನುಷ್ಯರೇ ಆದುದರಿಂದ ಕಣ್ಣಿಗೆ ಕಂಡುದನ್ನು ಬೇಗ ನಂಬುತ್ತಾರೆ.

ಕಣ್ಣಿಗೆ ಕಾಣುವಂತೆ ತೋರಿಸುವ ದಾರಿಯನ್ನು 1976ರಲ್ಲಿಯೇ ಜಾನ್ ಎಲ್ಲಿಸ್, ಮೇರಿ ಗಯ್ಯಾರ್ ಮತ್ತು ಗ್ರಹಾಮ್ ರಾಸ್ ಸೂಚಿಸಿದ್ದರು. ವೇಗವಾಗಿ ಚಲಿಸುವ ಎಲೆಕ್ಟ್ರಾನು ಫೋಟಾನನ್ನು ಸೂಸಬಲ್ಲುದಾದರೆ ಕ್ವಾರ್ಕೂ ಗ್ಲೂಆನನ್ನು ಸೂಸಬೇಕು. ಶಕ್ತಿ ಸಾಕಷ್ಟಿದ್ದರೆ ಆ ಗ್ಲೂಆನೂ ತನ್ನದೇ ಒಂದು ಧಾರೆಯಾಗಿ ಕ್ವಾರ್ಕುಗಳ ಎರಡು ಧಾರೆಗಳಿಂದ ಬೇರೆಯಾಗಿ ನಿಲ್ಲಬೇಕು. ಆ ಶಕ್ತಿಯನ್ನು ಕೊಟ್ಟುದು ಪೆಟ್ರಾ. 2.3 ಕಿಲೋಮೀಟರು ಸುತ್ತಳತೆಯ ಆ ವರ್ತುಲವನ್ನು ಗುಸ್ಟಾವ್ ಆಡಾಲ್ಫ್ ಫಾಸ್ ಅವರ ನೇತೃತ್ವದಲ್ಲಿ ನಿಗದಿಯಾದ ಕಾಲಕ್ಕಿಂತ ಮುಂಚೆಯೇ ಮುಗಿಸಲಾಯಿತು. ಸ್ಟ್ಯಾನ್‌ಫರ್ಡಿನ ಪ್ರತಿಸ್ಪರ್ಧಿ ಯಂತ್ರ ಕೆಲಸ ಆರಂಭಿಸಿದ್ದು 1980ರಲ್ಲಿ. ಪೆಟ್ರಾದ ಸುತ್ತ ಟಾಸೊ, ಜೇಡ್, ಮಾರ್ಕ್-ಜೆ ಎಂಬ ಹೊಸ ಶೋಧಕಗಳ ಜೊತೆಗೆ, ಡೋರಿಸಿನಿಂದ ಸಾಗಿಸಿ ತಂದ ಪ್ಲೂಟೊವೂ ನಿಂತಿತು.

ಟಾಸೊ ತಂಡದಲ್ಲಿ ಹಾಂಗ್‌ಕಾಂಗಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸೌ ಲಾನ್ ವು ಎಂಬ ಮಹಿಳೆ ಇದ್ದರು. 1974ರಲ್ಲಿ ಟಿಂಗ್ ಅವರ ಜೊತೆಯಲ್ಲಿ ಜೆ ಕಣವನ್ನು ಕಂಡವರಲ್ಲಿ ಅವರೂ ಒಬ್ಬರು. ಅವರೂ ಸಹೋದ್ಯೋಗಿ ಜೋಬರ್ನಿಗ್ ಅವರೂ ಎದುರಿಸಿದ ತೊಡಕು ಹೀಗಿದ್ದಿತು: ಒಂದು ಘಟನೆಯಲ್ಲಿ ಹತ್ತು ಜಾಡುಗಳಿದ್ದರೆ ಅವನ್ನು ಮೂರು ಗುಂಪಾಗಿ ಹಂಚುವ ಬಗೆಗಳು 9330, ಅಂದಿನ ಕಂಪ್ಯೂಟರುಗಳಲ್ಲಿ ಪ್ರತಿಯೊಂದು ಘಟನೆಗೂ ಇವನ್ನೆಲ್ಲ ತೂಗಿನೋಡುವುದು ಅತ್ಯಂತ ಭಾರವಾದ ಕೆಲಸ. ಸಂವೇಗ ಅಳಿಯಲಾರದಾದುದರಿಂದ ಮೂರು ಧಾರೆಗಳು ಒಂದೇ ಸಮತಲದಲ್ಲಿ ಇರಲೇಬೇಕೆಂಬುದನ್ನು ನೆನೆದು, ಅವರು ಮೊದಲು ಆ ಸಮತಲವನ್ನು ಗುರುತಿಸಿ, ಜಾಡುಗಳನ್ನು ಅದರ ಮೇಲೆ ಇಳಿಸಿ, ಕೋನದ ಅನುಕ್ರಮದಲ್ಲಿ ವರ್ತುಲವಾಗಿ ಜೋಡಿಸಿದರು. ಹಾಗೆ ಜೋಡಿಸಿದ ಬಳಿಕ ಮೂರು ಎಡೆಗಳಲ್ಲಿ ಗೆರೆ ಎಳೆದರೆ ಸಾಕು. ಬಗೆಗಳು 120ಕ್ಕೆ ಇಳಿದವು. ಪೆಟ್ರಾದ ಶಕ್ತಿ 27.4 ಜಿಇವಿಗೆ ಏರಿದಾಗ ಈ ವಿಧಾನ ಸಿದ್ಧವಾಗಿದ್ದಿತು. ಮೂರು ಧಾರೆಗಳು ಪರಸ್ಪರ ದೂರವಾಗಿ, ಶಂಕೆಗೆಡೆಯಿಲ್ಲದಂತೆ ನಿಂತ ಘಟನೆಯೊಂದು ಅದರ ಬಲೆಗೆ ಬಿದ್ದಿತು.

ಆ ಚಿತ್ರವನ್ನು 1979ರ ಜೂನಿನಲ್ಲಿ ನಾರ್ವೆಯ ಬರ್ಗೆನ್ ನಗರದ ಸಮ್ಮೇಳನದಲ್ಲಿ ಟಾಸೊ ತಂಡದ ಬ್ಯೋರ್ನ್ ವಿಯಿಕ್ ಅವರು ಸಭೆಗೆ ತೋರಿಸಿದರು. ಕೆಲವೇ ದಿನಗಳ ಮೇಲೆ ಜಿನೀವದಲ್ಲಿ ಪೌಲ್ ಜೋಡಿಂಗ್ ಅವರು ಅಂತಹವೇ ಇನ್ನೂ ಹಲವನ್ನು ಮುಂದಿಟ್ಟರು. ಆಗಸ್ಟಿನಲ್ಲಿ ಫರ್ಮಿ ಪ್ರಯೋಗಾಲಯದ ಸಮ್ಮೇಳನಕ್ಕೆ ಬರುವ ಹೊತ್ತಿಗೆ ನಾಲ್ಕು ತಂಡಗಳೂ ಮೂರು ಧಾರೆಗಳ ಸಾಕ್ಷ್ಯವನ್ನು ಹೊತ್ತು ಬಂದಿದ್ದವು. ಮುಂದಿನ ವರ್ಷ ಧಾರೆಗಳ ನಡುವಣ ಕೋನಗಳ ಹಂಚಿಕೆಯಿಂದ ಗ್ಲೂಆನಿನ ಭ್ರಮಣ (ಸ್ಪಿನ್) ಸಿದ್ಧಾಂತ ಹೇಳಿದಂತೆ 1 ಎಂದು ಸ್ಥಿರಪಟ್ಟಿತು.

ತರುವಾಯದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಜಿನೀವದಲ್ಲಿ 1989ರಲ್ಲಿ ಆರಂಭವಾದ 27 ಕಿಲೋಮೀಟರಿನ ವರ್ತುಲದಲ್ಲಿ 91 ಜಿಇವಿಯ ಜೆಡ್ ಕಣಗಳನ್ನು ಲಕ್ಷಗಟ್ಟಲೆಯಾಗಿ ಹುಟ್ಟಿಸಿದಾಗ, ಹತ್ತರಲ್ಲಿ ಏಳು ಕ್ವಾರ್ಕುಗಳಾಗಿ ಒಡೆದವು, ಮತ್ತು ಮೂರು ನಾಲ್ಕು ಧಾರೆಗಳು ನಿತ್ಯದ ನೋಟವಾದವು. 1995ರಲ್ಲಿ ಸಿಕ್ಕ ಟಾಪ್ ಕ್ವಾರ್ಕು ವರ್ಣದ ಎಳೆ ಬಿಗಿಯುವುದಕ್ಕೆ ಮುನ್ನವೇ ಸತ್ತುಹೋಗುವಷ್ಟು ಅಲ್ಪಾಯು. 2012ರಲ್ಲಿ ಪ್ರಕಟವಾದ, 125 ಜಿಇವಿಯ ಹಿಗ್ಸ್ ಕಣ ಪ್ರೋಟಾನುಗಳ ಘರ್ಷಣೆಯಲ್ಲಿ ಬಹುಪಾಲು ಹುಟ್ಟುವುದು ಎರಡು ಗ್ಲೂಆನುಗಳ ಸಂಗಮದಿಂದ. ಒಮ್ಮೆ ಲೆಕ್ಕದಲ್ಲಿನ ಕೊರತೆಯಾಗಿದ್ದ ವಸ್ತು ಇಂದು ಹೊಸ ಕಣಗಳನ್ನು ಹುಟ್ಟಿಸುವ ಸಾಧನವಾಗಿದೆ.

1995ರಲ್ಲಿ ಯುರೋಪಿನ ಭೌತವಿಜ್ಞಾನ ಸಂಘ ಗ್ಲೂಆನಿನ ಪತ್ತೆಗಾಗಿ ಟಾಸೊದ ಜೋಡಿಂಗ್, ವಿಯಿಕ್, ವೋಲ್ಫ್ ಮತ್ತು ವು ಅವರನ್ನು ಪುರಸ್ಕರಿಸಿತು. ಆ ಮನ್ನಣೆ ನ್ಯಾಯವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ; ಚಿತ್ರವನ್ನು ಮೊದಲು ಕಂಡವರೂ, ಅದನ್ನು ಕಾಣುವ ಉಪಾಯವನ್ನು ಹೂಡಿದವರೂ ಅವರೇ. ಆದರೆ ಪೆಟ್ರಾದ ಘಟನೆಗಳಲ್ಲಿ ಮೂರು ಧಾರೆಗಳ ಪೈಕಿ ಒಂದು ಮಾತ್ರ ಗ್ಲೂಆನು; ಅಪ್ಸಿಲಾನಿನ ಸಾವಿನಲ್ಲಿ ಮೂರೂ ಗ್ಲೂಆನುಗಳೇ. ಆ ಸಾವನ್ನು ಹ್ಯಾಂಬರ್ಗಿನವರು, ಶಕ್ತಿಗೆ ಮೀರಿ ಏರಿಸಿದ ಹಳೆಯ ಯಂತ್ರದ ಮೇಲೆ, ಕಣ್ಣನ್ನು ಸೆಳೆಯುವ ಚಿತ್ರದ ನೆರವಿಲ್ಲದೆ, ಅಂಕಗಳಿಂದ ಮಾತ್ರವೇ ಓದಿದರು ಮತ್ತು ಸರಿಯಾಗಿ ಓದಿದರು. ಗ್ಲೂಆನು 1979ರಲ್ಲಿ ಪೆಟ್ರಾದಲ್ಲಿ ಪತ್ತೆಯಾಯಿತೆಂದು ಪಠ್ಯಪುಸ್ತಕಗಳು ಬರೆಯುತ್ತವೆ. ಡೋರಿಸಿನ ಹೆಸರನ್ನೂ ಅಪ್ಸಿಲಾನಿನ ಹೆಸರನ್ನೂ ಜೊತೆಗೆ ಬರೆಯುವ ತನಕ ಆ ವಾಕ್ಯ ಅಪೂರ್ಣವೇ ಸರಿ.